ಹೊಸ ಡ್ರೈವರ್‌ಗೆ ಲಾರಿ ಕೊಡುವವರು ಯಾರು?

(ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆ ಹುಡುಗನ ಒಪ್ಪಿಗೆ ಇದೆ.)

ಮಂಜುವನ್ನು ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವನ ಅಕ್ಕ. "ರಾತ್ರಿ ನಿದ್ದಿ ಮಾಡಂಗಿಲ್ಲ, ಹಗಲು ಏಳಂಗಿಲ್ಲ. ಕೆಲಸದ ಮಾತು ತೆಗೆದ್ರ ಉಣ್ಣೋ ತಟ್ಟಿ ಬಿಟ್ಟು ಎದ್ದು ಹೋಗ್ತಾನ" ಎಂಬುದು ಅವಳ ದೂರು. ಹುಡುಗನಿಗೆ 23 ವರ್ಷ. ಹಾವೇರಿ ಜಿಲ್ಲೆಯ ಹಳ್ಳಿ, ಪಿಯುಸಿ ಓದು, ಮಳೆ ನಂಬಿದ ಎರಡೆಕರೆ ಹೊಲ. ಕಾರಿನ ಲೈಸೆನ್ಸ್ ಆಗಿ ವರ್ಷ ತುಂಬಿದ ಮೇಲೆ ಹೆವಿಗೆ, ಅಂದರೆ ಲಾರಿಯಂಥ ದೊಡ್ಡ ಗಾಡಿಯ ಲೈಸೆನ್ಸಿಗೆ, ಅರ್ಜಿ ಹಾಕಿ, ಡ್ರೈವಿಂಗ್ ಸ್ಕೂಲಿಗೆ ಹೋಗಿ, ಆರ್‌ಟಿಒ ಟೆಸ್ಟ್ ಮೊದಲ ಸಲಕ್ಕೇ ಪಾಸಾಗಿದ್ದ. ಅದರ ಖರ್ಚಿಗೆ ತಾಯಿ ಮಹಿಳಾ ಸಂಘದಲ್ಲಿ ಸಾಲ ಎತ್ತಿದ್ದರು. ಲೈಸೆನ್ಸ್ ಬಂದು ತಿಂಗಳುಗಳೇ ಕಳೆದಿದ್ದವು, ಕೆಲಸ ಮಾತ್ರ ಇಲ್ಲ. ವಾರದ ಕಂತು ಕಟ್ಟುವ ದಿನ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲವಂತೆ.

ಅಕ್ಕ ಹೊರಗೆ ಹೋದ ಮೇಲೆ ಅವನು ಹೇಳಿದ ಮೊದಲ ಮಾತು ಇದು: "ಅನುಭವ ಇಲ್ಲಂದ್ರ ಗಾಡಿ ಕೊಡಂಗಿಲ್ಲ ಅಂತಾರ ಮೇಡಂ. ಗಾಡಿ ಕೊಡದ ಅನುಭವ ಎಲ್ಲಿಂದ ತರ್ಲಿ?"

ಈ ಪ್ರಶ್ನೆ ನನಗೆ ಹೊಸದಲ್ಲ. ಅವನ ಸಿಟ್ಟಿನಲ್ಲಿ ನ್ಯಾಯವೂ ಇದೆ. ಹಿಂದೆ ಲಾರಿ ಅಂದರೆ ಡ್ರೈವರ್ ಜೊತೆ ಕ್ಲೀನರ್ ಇದ್ದೇ ಇರುತ್ತಿದ್ದ. ತಾಡಪಾಲು ಕಟ್ಟುತ್ತಾ, ಚೆಕ್‌ಪೋಸ್ಟಿನಲ್ಲಿ ಕಾಗದ ಹಿಡಿದು ಓಡುತ್ತಾ, ರಾತ್ರಿ ಖಾಲಿ ರಸ್ತೆಯಲ್ಲಿ ಸ್ಟೇರಿಂಗ್ ಹಿಡಿಯುತ್ತಾ ನಾಲ್ಕಾರು ವರ್ಷದಲ್ಲಿ ಅವನೇ ಡ್ರೈವರ್ ಆಗುತ್ತಿದ್ದ. 2017ರಲ್ಲಿ ಜಿಎಸ್‌ಟಿ ಬಂದು ತೆರಿಗೆ ಚೆಕ್‌ಪೋಸ್ಟುಗಳು ಹೋದವು, 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯವಾಯಿತು, ಡೀಸೆಲ್ ದರ ಏರಿತು. ಕ್ಲೀನರ್‌ಗೆ ಸಂಬಳ ಯಾಕೆ ಎಂದು ಎಷ್ಟೋ ಮಾಲೀಕರು ಆ ಸೀಟನ್ನೇ ಖಾಲಿ ಬಿಟ್ಟರು. ಕಲಿಯುವ ಜಾಗವನ್ನು ತೆಗೆದುಹಾಕಿ ಕಲಿತವನೇ ಬೇಕು ಅನ್ನುತ್ತಿದ್ದಾರೆ ಎಂದು ನಾನೂ ಅವನಿಗೆ ಹೇಳಿದೆ. ಮೊದಲ ಭೇಟಿಯಲ್ಲಿ ಅವನ ಭುಜ ಸ್ವಲ್ಪ ಇಳಿದದ್ದು ಆಗಲೇ.

ಆದರೆ ಮಾಲೀಕನ ಕಡೆಯದನ್ನೂ ಹೇಳಲೇಬೇಕಿತ್ತು. ನಮ್ಮ ಕಡೆ ಹೆಚ್ಚಿನವರು ಒಂದೆರಡು ಲಾರಿಯ ಮಾಲೀಕರು, ಅವರೇ ಹಿಂದೆ ಡ್ರೈವರ್ ಆಗಿದ್ದವರು. ಹತ್ತು ಚಕ್ರದ ಹೊಸ ಗಾಡಿಗೆ 30 ಲಕ್ಷದ ಮೇಲೆ, ಅದೂ ಫೈನಾನ್ಸಿನಲ್ಲಿ. ಗಾಡಿ ಒಂದು ತಿಂಗಳು ಗ್ಯಾರೇಜಿನಲ್ಲಿ ನಿಂತರೆ ಅವನ ಮನೆಯಲ್ಲೂ ಕಂತಿನ ದಿನ ಯಾರೂ ಮಾತಾಡುವುದಿಲ್ಲ. ಅಂಥವನು "ಅನುಭವ ಇದೆಯಾ" ಎಂದು ಕೇಳಿದರೆ ವರ್ಷದ ಲೆಕ್ಕ ಕೇಳುತ್ತಿಲ್ಲ. ನಿನ್ನ ಓಡಿಸುವಿಕೆ ಕಂಡವರು, ನಿನ್ನ ಪರವಾಗಿ ಒಂದು ಮಾತು ಆಡುವವರು ಯಾರಿದ್ದಾರೆ ಎಂದು ಕೇಳುತ್ತಿದ್ದಾನೆ. ಮಂಜು ಮಾತ್ರ ಟ್ರಾನ್ಸ್‌ಪೋರ್ಟ್ ಆಫೀಸಿನಿಂದ ಆಫೀಸಿಗೆ ಲೈಸೆನ್ಸಿನ ಜೆರಾಕ್ಸ್ ಹಂಚುತ್ತಾ ತಿರುಗಿದ್ದ. ಜೆರಾಕ್ಸ್ ನೋಡಿ ಯಾರೂ ಲಾರಿ ಕೊಡುವುದಿಲ್ಲ.

ಎರಡನೇ ಸಲ ಬಂದಾಗ ನಿಜವಾದ ವಿಷಯ ಹೊರಬಿತ್ತು. ಟ್ರಯಲ್ ಯಾರಾದರೂ ಕೊಟ್ಟಿದ್ದರಾ ಎಂದು ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ. ರಾಣೆಬೆನ್ನೂರಿನ ಕಡೆಯ ಒಬ್ಬ ಮಾಲೀಕ ಗೋವಿನಜೋಳ ತುಂಬಿದ ಹತ್ತು ಚಕ್ರದ ಗಾಡಿ ಕೊಟ್ಟು, ಹಳೆಯ ಡ್ರೈವರನ್ನು ಪಕ್ಕದಲ್ಲಿ ಕೂರಿಸಿ ಕಳಿಸಿದ್ದನಂತೆ. ಏರಿನಲ್ಲಿ ಮುಂದಿನ ಟ್ರ್ಯಾಕ್ಟರ್ ನಿಂತಿತು, ಇವನೂ ನಿಲ್ಲಿಸಿದ. ಮತ್ತೆ ಹೊರಡುವಾಗ ಬ್ರೇಕ್ ಬಿಟ್ಟ ಕೂಡಲೇ ಗಾಡಿ ಹಿಂದಕ್ಕೆ ಜಾರಿತು. ಕನ್ನಡಿಯಲ್ಲಿ ಒಂದು ಆಟೋ, ಅದರೊಳಗೆ ಶಾಲೆಯ ಮಕ್ಕಳು. ಪಕ್ಕದ ಡ್ರೈವರ್ ಕೈ ಚಾಚಿ ಹ್ಯಾಂಡ್‌ಬ್ರೇಕ್ ಹಾಕದಿದ್ದರೆ ಏನಾಗುತ್ತಿತ್ತೋ. ಯಾರಿಗೂ ಏನೂ ಆಗಲಿಲ್ಲ. ಮಾಲೀಕ ಬೈಯಲೂ ಇಲ್ಲ, "ಫೋನ್ ಮಾಡ್ತೀನಿ" ಅಂದ, ಮಾಡಲಿಲ್ಲ.

"ಕಣ್ಣು ಮುಚ್ಚಿದ್ರ ಆ ಕನ್ನಡಿ ಬರ್ತದ ಮೇಡಂ."

ಆರ್‌ಟಿಒ ಟೆಸ್ಟ್ ಇವನು ಕೊಟ್ಟದ್ದು ಖಾಲಿ ಗಾಡಿಯಲ್ಲಿ, ಸಮತಟ್ಟಾದ ಮೈದಾನದಲ್ಲಿ. ಇಪ್ಪತ್ತೆಂಟು ಟನ್ನಿನ ಗಾಡಿ ಏರಿನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ಯಾರೂ ತೋರಿಸಿರಲಿಲ್ಲ. ಜೊತೆಗೆ 2025ರ ಜನವರಿಯಲ್ಲಿ ಅವನದೇ ಜಿಲ್ಲೆಯ ಸವಣೂರಿನಿಂದ ಕುಮಟಾ ಸಂತೆಗೆ ಹೊರಟ ಲಾರಿ ಯಲ್ಲಾಪುರದ ಹತ್ತಿರ ಉರುಳಿ, ತರಕಾರಿ ಲೋಡಿನ ಜೊತೆ ಹೊರಟಿದ್ದ ಹತ್ತು ಜನ ತೀರಿಕೊಂಡಿದ್ದರು. ಆ ಸುದ್ದಿ ಬಂದ ಮೇಲೆ ತಾಯಿ "ಲಾರಿ ಬ್ಯಾಡ, ಸರ್ಕಾರಿ ಬಸ್ಸಿಗೆ ಹಾಕು" ಎಂದು ಹಟ ಹಿಡಿದಿದ್ದರು. ಸಾರಿಗೆ ನಿಗಮಗಳು ಸಾಮಾನ್ಯವಾಗಿ ಎರಡು ವರ್ಷ ಹಳೆಯದಾದ ಹೆವಿ ಲೈಸೆನ್ಸ್ ಕೇಳುತ್ತವೆ; ಹಾಗಾಗಿ ಆ ಬಾಗಿಲೂ ಸದ್ಯಕ್ಕೆ ಮುಚ್ಚಿತ್ತು. ಹೊರಗೆ "ಯಾರೂ ಕೆಲಸ ಕೊಡಲ್ಲ" ಎಂಬ ಸಿಟ್ಟು, ಒಳಗೆ "ಕೊಟ್ಟರೆ ಏನು ಮಾಡಲಿ" ಎಂಬ ಹೆದರಿಕೆ. ನಿದ್ದೆ ಕೆಡಿಸಿದ್ದು ಎರಡನೆಯದು.

ಹೆದರಬೇಡ ಎಂದು ಹೇಳುವುದು ನನ್ನ ಕೆಲಸವಲ್ಲ. ಲೋಡಿಗೆ ಹೆದರದ ಹೊಸ ಡ್ರೈವರನ್ನು ಕಂಡರೆ ನನಗೇ ಹೆದರಿಕೆ. ಕಾಗದ ಕೊಟ್ಟು, ಯಾವ ಯಾವ ಸಂದರ್ಭಕ್ಕೆ ಎಷ್ಟು ಭಯ ಎಂದು ಹತ್ತಕ್ಕೆ ಅಂಕ ಹಾಕಲು ಹೇಳಿದೆ. ಖಾಲಿ ಗಾಡಿ, ಹೆದ್ದಾರಿ: ಒಂದು. ಲೋಡು, ಹೆದ್ದಾರಿ: ಮೂರು. ಪೇಟೆಯೊಳಗೆ ರಿವರ್ಸ್: ಐದು. ಲೋಡು, ಏರಿನಲ್ಲಿ ನಿಲ್ಲಿಸಿ ಹೊರಡುವುದು: ಎಂಟು. ಘಾಟ್ ಇಳಿಯುವುದು: ಹತ್ತು, ಅದರ ಕೆಳಗೆ ಎರಡು ಗೆರೆ. ಬರೆದು ಮುಗಿಸಿ ತಾನೇ ಅದನ್ನು ನೋಡುತ್ತಾ ಕೂತ. ಅಷ್ಟು ದಿನ "ನನಗೆ ಲಾರಿ ಬರಲ್ಲ" ಎಂದು ಒಟ್ಟಾಗಿ ಕೂತಿದ್ದ ಭಯ ಈಗ ಎರಡು ಕೆಲಸಗಳ ಭಯವಾಗಿ ಉಳಿದಿತ್ತು. ಎರಡೂ ಕಲಿಯಬಹುದಾದವು.

ಅಲ್ಲಿಂದ ಮುಂದಿನದು ಸಲಹೆ. ಹತ್ತು ಚಕ್ರವನ್ನು ಸದ್ಯಕ್ಕೆ ಮರೆತುಬಿಡು, ಕ್ಯಾಂಟರ್ ಅಥವಾ 407ರಂಥ ಸಣ್ಣ ಲಾರಿ ಹುಡುಕು ಎಂದೆ. ಒಟ್ಟು ತೂಕ 7,500 ಕೆಜಿ ಮೀರದ ಸರಕು ಗಾಡಿಯನ್ನು ಕಾರಿನ ಲೈಸೆನ್ಸ್ ಇದ್ದವರೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 6ರಂದು ಹೇಳಿದೆ. ಅಲ್ಲಿಗೆ ಹೆವಿ ಲೈಸೆನ್ಸ್ ಇರುವ ಹುಡುಗ ಹೋದರೆ ಮಾಲೀಕನಿಗೆ ಅದು ಲಾಭವೇ. "ಹೆವಿ ತಗೊಂಡು 407 ಓಡಿಸ್ಲಾ?" ಎಂದು ಮುಖ ಸಣ್ಣ ಮಾಡಿದ. ಓರಗೆಯವರ ಮುಂದೆ ಅವಮಾನ ಅಂತೆ. ಈ ಅವಮಾನದ ಬಗ್ಗೆಯೇ ಅರ್ಧ ಗಂಟೆ ಮಾತಾಡಿದೆವು. ಕೊನೆಗೆ ಅವನೇ ಒಂದು ಅವಧಿ ಹಾಕಿಕೊಂಡ: ಮುಂದಿನ ದಸರಾ ತನಕ ಸಣ್ಣ ಗಾಡಿ, ಆಮೇಲೆ ದೊಡ್ಡದರ ಮಾತು. ಕೊನೆ ಎಲ್ಲಿ ಎಂದು ಗೊತ್ತಿದ್ದರೆ ಹುಡುಗರು ಎಷ್ಟೋ ಸಹಿಸುತ್ತಾರೆ.

ಇನ್ನು ಪರವಾಗಿ ಮಾತಾಡುವವರು. ಜೆರಾಕ್ಸ್ ಹಂಚುವುದು ಬಿಟ್ಟು, ಟ್ರಯಲ್ ದಿನ ಹ್ಯಾಂಡ್‌ಬ್ರೇಕ್ ಹಾಕಿದ ಆ ಹಳೆಯ ಡ್ರೈವರ್ ಹತ್ತಿರವೇ ಹೋಗು ಎಂದೆ. ಮಂಜು ದಂಗಾದ. ಇವನ ಕೈ ನೋಡಿದ್ದು ಲೋಕದಲ್ಲಿ ಅವನೊಬ್ಬನೇ ಅಲ್ಲವೇ? ಎರಡು ವಾರ ಬಿಟ್ಟು ಹೋದ. "ಅವತ್ತು ನೀ ಹಾರ್ನ್ ಮೇಲೆ ಕೈ ಇಡ್ಲಿಲ್ಲ, ಬಾಗಿಲು ತೆಗೆದು ಓಡ್ಲಿಲ್ಲ, ಬ್ರೇಕ್ ತುಳಿದವ ಮತ್ತ ಕಾಲು ತೆಗಿಲಿಲ್ಲ. ಕಲಿತಿ" ಅಂದನಂತೆ ಆತ. ಆಮೇಲೆ ತನ್ನ ಟ್ರಿಪ್ಪುಗಳಿಗೆ ಬಾಟಾ (ಟ್ರಿಪ್ಪಿನ ಭತ್ಯೆ) ಇಲ್ಲದೆ, ಊಟ ಮಾತ್ರ ಕೊಟ್ಟು ಜೊತೆಗೆ ಕರೆದೊಯ್ದ. ಪುಕ್ಕಟೆ ದುಡಿಮೆಗೆ ನಾನು ಸಾಮಾನ್ಯವಾಗಿ ಹೂಂ ಅನ್ನುವುದಿಲ್ಲ. ಇಲ್ಲಿ ಒಂದು ತಿಂಗಳಿಗೆ ಮಾತ್ರ ಎಂಬ ಷರತ್ತಿನ ಮೇಲೆ ಒಪ್ಪಿದೆ. ಆ ತಿಂಗಳಲ್ಲಿ ಕಲಿತದ್ದನ್ನು ಬಂದು ಹೇಳುವಾಗ ಅವನ ಕೈಗಳೇ ಮಾತಾಡುತ್ತಿದ್ದವು. ಬ್ರೇಕಿನ ಗಾಳಿ ಪ್ರೆಶರ್ ತೋರಿಸುವ ಮುಳ್ಳು ಏರುವವರೆಗೆ ಗಾಡಿ ಅಲುಗಿಸಬಾರದು. ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದೇ ಕ್ಲಚ್ ಬಿಡುತ್ತಾ ಬಂದು, ಎಂಜಿನ್ ಗಾಡಿಯನ್ನು ಎಳೆಯಲು ಶುರು ಮಾಡಿದ್ದು ಸೀಟಿಗೆ ಗೊತ್ತಾದ ಮೇಲೆ ಬ್ರೇಕ್ ಬಿಡಬೇಕು. ಯಾವ ಗೇರಿನಲ್ಲಿ ಘಾಟ್ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ.

ಈ ನಡುವೆ ಒಬ್ಬ ಏಜೆಂಟ್ ಗಂಟುಬಿದ್ದ. ಗುಜರಾತ್ ಲೈನಿನ ದೊಡ್ಡ ಕಂಪನಿ, ಸಂಬಳ ಚೆನ್ನಾಗಿದೆ, 15 ಸಾವಿರ ಡಿಪಾಸಿಟ್ ಮತ್ತು ಒರಿಜಿನಲ್ ಲೈಸೆನ್ಸ್ ಕೊಡಬೇಕು. ತಾಯಿ ಕಿವಿಯೋಲೆ ಅಡ ಇಡಲು ಸಿದ್ಧರಾಗಿದ್ದರು. ಇದಕ್ಕೆ ಮಾತ್ರ ನಾನು ಅವನೇ ನಿರ್ಧರಿಸಲಿ ಎಂದು ಕಾಯಲಿಲ್ಲ, ಬೇಡ ಎಂದು ನೇರ ಹೇಳಿದೆ. ಕೆಲಸ ಕೊಡುವವನು ದುಡ್ಡು ಕೊಡಬೇಕು, ಕೇಳಬಾರದು. ಒರಿಜಿನಲ್ ಅವರ ಕೈಯಲ್ಲಿದ್ದರೆ ಕೆಲಸ ಬಿಡುವ ಸ್ವಾತಂತ್ರ್ಯವೂ ಅವರ ಕೈಯಲ್ಲೇ. ಬೇಕಿದ್ದರೆ ಜೆರಾಕ್ಸ್ ಕೊಡು, ಅದರ ಮೇಲೆ ಅಡ್ಡವಾಗಿ ತಾರೀಕು ಮತ್ತು ಯಾವ ಕೆಲಸಕ್ಕೆ ಎಂದು ಬರೆ. ರಸ್ತೆಯಲ್ಲಿ ತೋರಿಸಲು ಡಿಜಿಲಾಕರ್ ಪ್ರತಿ ಸಾಕು. ಇನ್ನೊಬ್ಬ ಮಾಲೀಕ "ಹೊಸಬರಿಗೆ ಇನ್ಶೂರೆನ್ಸ್ ಆಗಲ್ಲ" ಎಂದಿದ್ದ. ಪಾಲಿಸಿ ಕೇಳುವುದು ಆ ಬಗೆಯ ಗಾಡಿಗೆ ಚಾಲ್ತಿಯಲ್ಲಿರುವ ಲೈಸೆನ್ಸನ್ನು, ಸರ್ವಿಸ್ ವರ್ಷಗಳನ್ನಲ್ಲ ಎಂದು ವಿನಯದಿಂದಲೇ ಹೇಳಲು ಕಲಿಸಿದೆ.

ಕೊನೆಗೆ ಆ ಹಳೆಯ ಡ್ರೈವರ್ ಮಾತಿನ ಮೇಲೆಯೇ ಬ್ಯಾಡಗಿಯಲ್ಲಿ ಒಂದು ಕ್ಯಾಂಟರ್ ಸಿಕ್ಕಿತು. ಸೇರುವ ಮೊದಲು ಮಾಲೀಕರ ಜೊತೆ ಏನೇನು ಮಾತಾಡಬೇಕು ಎಂದು ನನ್ನ ಮುಂದೆ ಪ್ರಾಕ್ಟೀಸ್ ಮಾಡಿಸಿದೆ. ನಾನೇ ಮಾಲೀಕಳಾಗಿ ಗದರಿದೆ, ಅವನು ಉತ್ತರ ಕೊಟ್ಟ. ಬಾಟಾ ದಿನಕ್ಕೋ ಕಿಲೋಮೀಟರಿಗೋ? ಲೆಕ್ಕ ಯಾವ ತಾರೀಕಿಗೆ? ಟಯರ್ ಸಿಡಿದರೆ ಯಾರ ಖರ್ಚು? ಓವರ್‌ಲೋಡ್ ಮಾಡಿ ಕಳಿಸಿ ಸಿಕ್ಕಿಬಿದ್ದರೆ ದಂಡ ಯಾರದು? ಕಾಯ್ದೆಯ ಲೆಕ್ಕದಲ್ಲಿ ಅದು 20,000 ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2,000. ಅವನ ಹಲವು ತಿಂಗಳ ದುಡಿಮೆ ಒಂದು ರಾತ್ರಿಗೆ ಹೋಗುತ್ತದೆ. ಲೋಡಿನ ಮೇಲೆ ಜನರನ್ನು ಕೂರಿಸು ಎಂದರೆ ಆ ದಿನವೇ ಕೀಲಿ ವಾಪಸ್ ಕೊಡು ಎಂದೂ ಹೇಳಿದ್ದೆ. ಸವಣೂರಿನ ಹೆಸರು ಎತ್ತಬೇಕಾಗಲಿಲ್ಲ. ದಿನಕ್ಕೆ 8 ಗಂಟೆ, ವಾರಕ್ಕೆ 48 ಎಂಬ ಕೆಲಸದ ಮಿತಿ ಕಾನೂನಿನಲ್ಲಿದೆ, ಲಾರಿ ಲೈನಿನಲ್ಲಿ ಅದನ್ನು ಕೇಳುವವರಿಲ್ಲ. ಕನಿಷ್ಠ ಕಣ್ಣು ಎಳೆದಾಗ ಬದಿಗೆ ಹಾಕಿ ಮಲಗುತ್ತೇನೆ, ಆಗ ಫೋನ್ ಮಾಡಿ ಬೈಯಬೇಡಿ ಎಂಬ ಒಂದು ಮಾತನ್ನು ಮೊದಲೇ ಒಪ್ಪಿಸಿಕೊಳ್ಳಲಿ ಎಂದೆ. ಒಪ್ಪಿಸಿಕೊಂಡನಂತೆ. ಟಯರ್ ವಿಷಯ ಮಾತ್ರ "ನೋಡೋಣ" ಎಂದು ತೇಲಿಸಿದ್ದಾರೆ.

ಮನೆಯ ಕಂತು ಈಗ ಅವನ ಬಾಟಾದಿಂದ ಹೋಗುತ್ತಿದೆ. ನಿದ್ದೆ ಬರುತ್ತಿದೆ, ಆ ಕನ್ನಡಿ ಆಗೊಮ್ಮೆ ಈಗೊಮ್ಮೆ ಬರುತ್ತದೆ ಎನ್ನುತ್ತಾನೆ. ಕಳೆದ ವಾರ ಫೋನ್ ಮಾಡಿದ್ದ. ಮಾಲೀಕರ ತಮ್ಮನದು ಹತ್ತು ಚಕ್ರದ ಗಾಡಿ, ಅರಬೈಲು ಘಾಟ್ ಇಳಿದು ಮಂಗಳೂರು ಲೈನು, ದಸರೆಗೆ ಮೊದಲೇ ಬಾ ಅನ್ನುತ್ತಿದ್ದಾರೆ, ಡೀಸೆಲ್ ಉಳಿಸಿದರೆ ಮೈಲೇಜ್ ಬೋನಸ್ ಬೇರೆ. ಮೊದಲಿದ್ದವನು ಘಾಟಿನಲ್ಲಿ ನ್ಯೂಟ್ರಲ್ ಹಾಕಿ, ಅಂದರೆ ಗೇರಿನ ಹಿಡಿತವನ್ನೇ ಬಿಟ್ಟು, ಇಳಿಸಿ ಆ ಬೋನಸ್ ತೆಗೆಯುತ್ತಿದ್ದನಂತೆ. "ಹೂಂ ಅನ್ಲಾ?"

ಬೋನಸ್ ಬೇಡ ಅಂತ ಮೊದಲೇ ಹೇಳಿಬಿಡು, ಮೊದಲ ಕೆಲವು ಟ್ರಿಪ್ಪಿಗೆ ಘಾಟ್ ಬಲ್ಲ ಡ್ರೈವರ್ ಪಕ್ಕದಲ್ಲಿರಲಿ ಎಂದು ಕೇಳು ಎಂದೆ. ಎರಡಕ್ಕೂ ಒಪ್ಪಿದರೆ ಹೋಗು. ಒಂದಕ್ಕೆ ಇಲ್ಲ ಅಂದರೂ ಮಳೆಗಾಲ ಕಳೆಯುವವರೆಗೆ ಕ್ಯಾಂಟರಿನಲ್ಲೇ ಇರು.