ನದಿ-ದೋಣಿ ಲೆಕ್ಕಕ್ಕೆ ಯಾವ ಸೂತ್ರ ನೆನಪಿಟ್ಟುಕೊಳ್ಳಬೇಕು?

ಯಾವುದೂ ಬೇಡ. ಸೂತ್ರ ಬಾಯಿಪಾಠ ಮಾಡಿದವರೇ ಇಲ್ಲಿ ಹೆಚ್ಚು ಎಡವುವುದು, ನಿಮ್ಮ ಲೆಕ್ಕದಲ್ಲೂ ಆಗಿರುವುದು ಅದೇ. ನದಿಯ ಅಗಲ 400 ಮೀಟರ್, ಸೆಳವು ಗಂಟೆಗೆ 3 ಕಿ.ಮೀ., ನಿಂತ ನೀರಿನಲ್ಲಿ ದೋಣಿಯ ವೇಗ ಗಂಟೆಗೆ 5 ಕಿ.ಮೀ. ದೋಣಿಯ ಮೂತಿ ನೇರ ಎದುರು ದಡಕ್ಕಿದೆ. ದಾಟಲು ಎಷ್ಟು ಹೊತ್ತು ಬೇಕು ಎಂಬುದು ಪ್ರಶ್ನೆ. ನೀವು 25ಕ್ಕೆ 9 ಕೂಡಿಸಿ, ವರ್ಗಮೂಲ 5.83 ತೆಗೆದು, 0.4ನ್ನು ಅದರಿಂದ ಭಾಗಿಸಿ 4.1 ನಿಮಿಷ ಅಂದಿದ್ದೀರಿ. ಸರಿಯುತ್ತರ 4.8 ನಿಮಿಷ.

5.83 ತಪ್ಪಲ್ಲ. ದಡದಲ್ಲಿ ನಿಂತು ನೋಡುವವರಿಗೆ ದೋಣಿಯ ವೇಗ ಅಷ್ಟೇ. ಆದರೆ ಅದು ಓರೆ ದಾರಿಯ ವೇಗ, 400 ಮೀಟರ್ ನೇರ ದಾರಿಯದ್ದಲ್ಲ. ಓರೆ ವೇಗಕ್ಕೆ ನೇರ ದೂರ ಗಂಟು ಹಾಕಿದ್ದೇ ಎಡವಟ್ಟು. ದೋಣಿಯನ್ನು ಅಡ್ಡ ದಾಟಿಸುವುದು 5 ಮಾತ್ರ: 0.4 ÷ 5 = 0.08 ಗಂಟೆ. ಅಷ್ಟರಲ್ಲಿ ಸೆಳವು 3 × 0.08 = 0.24 ಕಿ.ಮೀ., ಅಂದರೆ 240 ಮೀಟರ್ ಕೆಳಕ್ಕೆ ಎಳೆದಿರುತ್ತದೆ. ತಾಳೆ ನೋಡಿ: 400 ಮತ್ತು 240ರ ಕರ್ಣ ಸುಮಾರು 466 ಮೀಟರ್. ಆ ದೂರವನ್ನು 5.83ರಿಂದ ಭಾಗಿಸಿದರೂ ಅದೇ 4.8 ನಿಮಿಷ. ಸೆಳವು 3 ಇರಲಿ, 30 ಇರಲಿ, ಈ ಸಮಯ ಬದಲಾಗದು. ಬದಲಾಗುವುದು ಎಲ್ಲಿ ದಡ ಸೇರುತ್ತೀರಿ ಎಂಬುದಷ್ಟೇ.

ಸರಿಯಾಗಿ ಎದುರಿನ ಜಾಗಕ್ಕೇ ಮುಟ್ಟಬೇಕೆಂದರೆ ಮೂತಿಯನ್ನು ಹರಿವಿನ ಎದುರಿಗೆ ತಿರುಗಿಸಬೇಕು. ತಿರುಗಿಸುವ ಕೋನದ ಸೈನ್ 3/5 (ಸೆಳವು ÷ ದೋಣಿಯ ವೇಗ), ಕೋನ ಸುಮಾರು 37 ಡಿಗ್ರಿ. ಇದು ದಡದಿಂದ ದಡಕ್ಕೆ ನೇರ ಎಳೆದ ಅಡ್ಡಗೆರೆಯಿಂದ ಅಳೆದ ಕೋನ. ಪ್ರಶ್ನೆಯಲ್ಲಿ ‘ಹರಿವಿನ ದಿಕ್ಕಿನಿಂದ’ ಎಂದು ಕೇಳಿದ್ದರೆ 127 ಬರೆಯಿರಿ. ಅಡ್ಡಕ್ಕೆ ಉಳಿಯುವ ವೇಗ 4 (25ರಲ್ಲಿ 9 ಕಳೆದು ವರ್ಗಮೂಲ), ಸಮಯ 6 ನಿಮಿಷ. ಸೆಳವು 5 ಮುಟ್ಟಿದರೆ ಯಾವ ಕೋನವೂ ನಡೆಯದು. ಆಗ ಅಂಬಿಗರ ಉಪಾಯವೇ ಗತಿ: ಸೆಳವು ಕಡಿಮೆ ಇರುವ ದಡದಂಚಿನಲ್ಲೇ ಮೇಲಕ್ಕೆ ಹೋಗಿ, ಆಮೇಲೆ ನಡುನೀರಿಗೆ ಬಿಡುವುದು. ಪುಸ್ತಕದ ನದಿಯಲ್ಲಿ ಸೆಳವು ಎಲ್ಲೆಡೆ ಒಂದೇ ಇರುತ್ತದೆ, ಹೊಳೆಯಲ್ಲಿ ಇರದು.

ಇನ್ನು ನೀವು ಕೇಳಿದ ಟೋಪಿ ಲೆಕ್ಕ. ದೋಣಿ ಮೇಲಕ್ಕೆ ಹೋಗುವಾಗ ಟೋಪಿ ಬಿತ್ತು, 10 ನಿಮಿಷದ ಮೇಲೆ ದೋಣಿ ತಿರುಗಿಸಿ ವಾಪಸು ಬಂದಾಗ ಬಿದ್ದಲ್ಲಿಂದ 1 ಕಿ.ಮೀ. ಕೆಳಗೆ ಸಿಕ್ಕಿತು. ಸೆಳವಿನ ವೇಗ ಎಷ್ಟು? ಸಮೀಕರಣಕ್ಕೆ ಕೈ ಹಾಕಬೇಡಿ, ನೀರಿನ ಜೊತೆಗೇ ತೇಲುತ್ತಾ ನೋಡಿ. ಆಗ ಟೋಪಿ ನಿಂತಲ್ಲೇ ಇದೆ. ಹೋಗಲು 10 ನಿಮಿಷವಾದರೆ ಬರಲೂ 10. ಟೋಪಿ 20 ನಿಮಿಷದಲ್ಲಿ 1 ಕಿ.ಮೀ. ತೇಲಿದೆ, ಸೆಳವು ಗಂಟೆಗೆ 3. ದೋಣಿಯ ವೇಗ ಕೇಳಲೇ ಇಲ್ಲ, ನೋಡಿ.