ಮಸ್ಟರ್‌ಗೆ ಹಾಕುವ ಸಹಿ, ಸಭೆಗೆ ಹಾಕುವ ಕಾಣಿಕೆ

ಪ್ರಶ್ನೆ: ನಾನು ಬೀದರ್ ಜಿಲ್ಲೆಯವನು. ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದಕ್ಕೆ ಆಪರೇಟರ್ ಆಗಿ ಸೇರಿ, ಈ ವರ್ಷ ಶಿಫ್ಟ್ ಸೂಪರ್‌ವೈಸರ್ ಆಗಿದ್ದೇನೆ. ನನ್ನ ಕೈಕೆಳಗೆ ಹದಿನಾಲ್ಕು ಮಂದಿ ಗುತ್ತಿಗೆ ಕಾರ್ಮಿಕರಿದ್ದಾರೆ. ಹೆಚ್ಚಿನವರು ಕಲಬುರಗಿ, ಯಾದಗಿರಿ ಕಡೆಯವರು. ಅವರು ದಿನಕ್ಕೆ ಹನ್ನೊಂದು ತಾಸು ದುಡಿಯುತ್ತಾರೆ. ನಿಜವಾದ ತಾಸುಗಳನ್ನು ನಾನು ಹಾಜರಿ ಪುಸ್ತಕವಾದ ಮಸ್ಟರ್‌ನಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಂಡು, ತಿಂಗಳ ಕೊನೆಗೆ ಅಳಿಸಿ, ಎಲ್ಲರಿಗೂ ಎಂಟು ತಾಸೆಂದು ಶಾಯಿಯಲ್ಲಿ ಬರೆದು ಸಹಿ ಹಾಕಬೇಕು. ಮಿಕ್ಕ ಮೂರು ತಾಸಿನ ಹಣವನ್ನು ಗುತ್ತಿಗೆದಾರ ಸಾಮಾನ್ಯ ದರದಲ್ಲೇ ಕೈಗೆ ಕೊಡುತ್ತಾನೆ. ಸಂಬಳದಲ್ಲಿ ಹಿಡಿದ ಪಿ.ಎಫ್. ಕೆಲವು ತಿಂಗಳಿಂದ ಜಮೆಯಾಗಿಲ್ಲವೆಂದೂ ಹುಡುಗರು ಹೇಳುತ್ತಿದ್ದಾರೆ. ಶಿಫ್ಟ್ ಶುರುವಾಗುವ ಮುನ್ನ ನಾನು ಪ್ರಾರ್ಥನೆ ಮಾಡುವುದು ಅವರಿಗೆಲ್ಲ ಗೊತ್ತು. ಮಾಲೀಕರು ನನ್ನನ್ನು ಬೆಳೆಸಿದವರು. ನಾನು ಕೆಲಸ ಬಿಡಬೇಕೇ, ಸುಮ್ಮನಿರಬೇಕೇ?
— ಹೆಸರು ಬೇಡ, ಭೋಸರಿ, ಪುಣೆ

ಉತ್ತರ: ಸಹೋದರರೇ, ನೀವು ಎರಡೇ ದಾರಿ ಕಂಡಿದ್ದೀರಿ. ಲೂಕನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಮೂರನೆಯದೊಂದು ದಾರಿಯಿದೆ. ಸ್ನಾನಿಕನಾದ ಯೋಹಾನನ ಬಳಿಗೆ ಬಂದ ಸುಂಕದವರೂ ಸಿಪಾಯಿಗಳೂ ತಾವೇನು ಮಾಡಬೇಕೆಂದು ಕೇಳಿದಾಗ, ಅವನು ಯಾರಿಗೂ ಉದ್ಯೋಗ ತೊರೆದು ಅಡವಿಗೆ ಬನ್ನಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದು ಸುಂಕದವರಿಗೆ, ಬೆದರಿಸಿ ಹಣ ಕೀಳಬೇಡಿ, ನಿಮ್ಮ ಸಂಬಳದಲ್ಲಿ ತೃಪ್ತರಾಗಿರಿ ಎಂದು ಸಿಪಾಯಿಗಳಿಗೆ ಹೇಳಿದನು. ಅವರವರ ಕಸುಬಿನಲ್ಲಿ ಯಾವ ಜಾಗದಲ್ಲಿ ಪಾಪ ನಡೆಯುತ್ತಿತ್ತೋ ಆ ಜಾಗಕ್ಕೇ ಅವನ ಮಾತು ನೇರವಾಗಿ ಹೋಯಿತು. ನಿಮ್ಮ ಕಸುಬಿನಲ್ಲಿ ಆ ಜಾಗ ತಿಂಗಳ ಕೊನೆಯಲ್ಲಿ ನೀವು ಹಾಕುವ ಸಹಿ.

ಆ ಸಹಿಯಿಂದ ಎಷ್ಟು ಹಣ ಯಾರ ಕೈ ತಪ್ಪುತ್ತಿದೆ ಎಂಬುದನ್ನು ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಉದಾಹರಣೆಗೆ ಎಂಟು ತಾಸಿನ ಕೂಲಿ 600 ರೂಪಾಯಿ ಎಂದಿಟ್ಟುಕೊಳ್ಳೋಣ. ತಾಸಿಗೆ 75 ಆಯಿತು. ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ ಕೊಡಬೇಕೆಂಬುದು 1948ರ ಕಾರ್ಖಾನೆ ಕಾಯಿದೆಯ ಕಾಲದಿಂದಲೂ ಇರುವ ನಿಯಮ. ಮೂರು ತಾಸಿಗೆ 450 ಸಿಗಬೇಕಾದಲ್ಲಿ 225 ಸಿಗುತ್ತಿದೆ. ಇಪ್ಪತ್ತು ದಿನಕ್ಕೆ ಒಬ್ಬನಿಗೆ 4,500, ಹದಿನಾಲ್ಕು ಜನಕ್ಕೆ 63,000 ರೂಪಾಯಿ. ಊರಲ್ಲಿ ಮಕ್ಕಳ ಶಾಲೆಗೆ, ಮನೆಯ ಸಾಲಕ್ಕೆ ಹೋಗಬೇಕಾಗಿದ್ದ ಈ ಹಣ ಪ್ರತಿ ತಿಂಗಳೂ ನಿಮ್ಮ ಪೆನ್ನಿನ ತುದಿಯಲ್ಲಿ ದಾರಿ ತಪ್ಪುತ್ತಿದೆ. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುಂಚೆ ಕೊಡಬೇಕು, ಅವನು ಬಡವನಾದ್ದರಿಂದ ಅದರ ಮೇಲೆಯೇ ಮನಸ್ಸಿಟ್ಟುಕೊಂಡಿರುತ್ತಾನೆ ಎಂದು ಧರ್ಮೋಪದೇಶಕಾಂಡ ಹೇಳುತ್ತದೆ. ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಯಾಕೋಬನು ತನ್ನ ಪತ್ರದಲ್ಲಿ ಬರೆಯುತ್ತಾನೆ. ನಿಮ್ಮ ಪ್ರಾರ್ಥನೆಯೂ ಆ ಕೂಗೂ ಒಂದೇ ಶೆಡ್ಡಿನಿಂದ ಏಳುತ್ತಿವೆ ಎಂಬುದು ನಿಮ್ಮನ್ನು ಕಾಡುತ್ತಿದೆಯೆಂದೇ ನೀವು ಈ ಪತ್ರ ಬರೆದಿದ್ದೀರಿ ಎಂದು ನಾನು ನಂಬುತ್ತೇನೆ.

ಹಣಕ್ಕಿಂತ ದೊಡ್ಡ ಅಪಾಯವೂ ಒಂದಿದೆ. ಬಿಡಿಭಾಗಗಳ ಕಾರ್ಖಾನೆಗಳಲ್ಲಿ ಪ್ರೆಸ್ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಳ್ಳುವುದು ಅಪರೂಪವಲ್ಲ. ದಣಿದ ಕೈಗೆ ಆ ಭಯ ಇನ್ನೂ ಹೆಚ್ಚು. ಹತ್ತು ತಾಸು ದುಡಿದ ಹೊತ್ತಿಗೆ ಒಬ್ಬ ಹುಡುಗನಿಗೆ ಹಾಗಾದರೆ, ನಿಮ್ಮ ಮಸ್ಟರ್ ಪ್ರಕಾರ ಅವನು ಎರಡು ತಾಸು ಮೊದಲೇ ಮನೆಗೆ ಹೋಗಿರುತ್ತಾನೆ. ಪರಿಹಾರಕ್ಕೆ ಅರ್ಜಿ ಹಾಕುವಾಗ ಅವನಿಗೆ ಅಡ್ಡ ನಿಲ್ಲುವ ಕಾಗದ ನಿಮ್ಮ ಅಕ್ಷರದಲ್ಲೇ ಇರುತ್ತದೆ.

ಮಾಲೀಕರ ಋಣದ ಮಾತಿಗೆ ಬರುತ್ತೇನೆ. ಋಣ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬೇಡಿ. ಆ ಋಣವಿರುವುದರಿಂದಲೇ ಅವರಿಗೆ ನಿಜ ಹೇಳುವ ಹೊಣೆ ಬೇರೆಯವರಿಗಿಂತ ನಿಮ್ಮ ಮೇಲೆ ಹೆಚ್ಚಾಗಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ, ಪಿ.ಎಫ್. ಕಟ್ಟದಿದ್ದರೆ ಕಾನೂನಿನ ಹೊಣೆ ಕೊನೆಗೆ ಮೂಲ ಮಾಲೀಕರ ತಲೆಯ ಮೇಲೆಯೇ ಬರುತ್ತದೆ. ಕಾರ್ಮಿಕನಿಂದ ಹಿಡಿದ ಪಾಲು ಮತ್ತು ಮಾಲೀಕರ ಪಾಲು ಎರಡೂ ಮುಂದಿನ ತಿಂಗಳ 15ರೊಳಗೆ ಜಮೆಯಾಗಬೇಕು. ಹಿಡಿದೂ ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಎಣಿಸುತ್ತದೆ. ಇದನ್ನು ಜನರ ಮುಂದೆ ಎತ್ತಬೇಡಿ. ಮಾಲೀಕರು ಒಬ್ಬರೇ ಇರುವ ಹೊತ್ತಿನಲ್ಲಿ, ಲೆಕ್ಕದ ಹಾಳೆಯನ್ನು ಮುಂದಿಟ್ಟು, "ಸರ್, ಈ ತಿಂಗಳಿನಿಂದ ನಾನು ನಡೆದಷ್ಟೇ ತಾಸುಗಳನ್ನು ಶಾಯಿಯಲ್ಲಿ ಬರೆಯುತ್ತೇನೆ, ಸುಳ್ಳಿಗೆ ಸಹಿ ಹಾಕಲಾರೆ" ಎಂದು ಹೇಳಿ. ಜೊತೆಗೆ ಒಂದು ಸಲಹೆಯನ್ನೂ ಕೊಂಡುಹೋಗಿ. ಹನ್ನೊಂದು ತಾಸಿನ ಕೆಲಸಕ್ಕೆ ಇನ್ನೆಷ್ಟು ಜನ ಬೇಕು, ಯಂತ್ರ ಕೆಟ್ಟು ನಿಲ್ಲುವುದರಿಂದ ಎಷ್ಟು ಹೊತ್ತು ವ್ಯರ್ಥವಾಗುತ್ತಿದೆ ಎಂಬುದು ಆಫೀಸಿನಲ್ಲಿ ಕೂತವರಿಗಿಂತ ನಿಮಗೆ ಚೆನ್ನಾಗಿ ಗೊತ್ತು. ಇತ್ತ ಹುಡುಗರಿಗೆ ಮೊಬೈಲಿನ ಉಮಂಗ್ ಆ್ಯಪ್‌ನಲ್ಲಿ ತಮ್ಮ ಪಿ.ಎಫ್. ಪಾಸ್‌ಬುಕ್ ನೋಡುವುದನ್ನು ಕಲಿಸಿ. ತನ್ನ ಹಣ ಎಲ್ಲಿದೆ ಎಂದು ತಿಳಿಯುವುದು ಅವನ ಹಕ್ಕು, ಅದರಲ್ಲಿ ಮಾಲೀಕರಿಗೆ ದ್ರೋಹವೇನೂ ಇಲ್ಲ.

ಮಾಲೀಕರು ಒಪ್ಪದಿದ್ದರೆ ಸೂಪರ್‌ವೈಸರ್ ಹುದ್ದೆ ಹೋಗಬಹುದು. ಅದನ್ನು ಮುಚ್ಚಿಟ್ಟು ಧೈರ್ಯ ಹೇಳುವುದು ಸರಿಯಲ್ಲ. ಮನೆಯವರೊಡನೆ ಮೊದಲೇ ಮಾತಾಡಿ, ಕೆಲವು ತಿಂಗಳ ಖರ್ಚಿಗೆ ಹಣ ಕೂಡಿಸಿಟ್ಟುಕೊಂಡು, ಬೇರೆ ಕೆಲಸದ ವಿಚಾರಣೆಯನ್ನೂ ಆರಂಭಿಸಿಯೇ ಈ ಮಾತಿಗೆ ಹೋಗಿ. ನಿಮ್ಮ ಸಭೆಯ (ಚರ್ಚಿನ) ಹಿರಿಯರಲ್ಲಿ ಇಬ್ಬರಿಗಾದರೂ ವಿಷಯ ತಿಳಿಸಿ. ನಮ್ಮ ಸಭೆಗಳು ಕೆಲಸ ಸಿಗಲೆಂದು ಉಪವಾಸ ಪ್ರಾರ್ಥನೆ ಮಾಡುತ್ತವೆ, ಸಿಕ್ಕಾಗ ಕೃತಜ್ಞತೆಯ ಕಾಣಿಕೆ ತೆಗೆದುಕೊಳ್ಳುತ್ತವೆ. ಆದರೆ ಆ ಕೆಲಸದಲ್ಲಿ ವಿಶ್ವಾಸಿಗೆ ಬರುವ ಸಂಕಟವನ್ನು ಕೇಳುವವರು ಕಡಿಮೆ. ಇದು ನನಗೆ ಬಹಳ ನೋವಿನ ಸಂಗತಿ. ಸತ್ಯಕ್ಕಾಗಿ ಒಬ್ಬನ ಸಂಬಳ ನಿಂತರೆ ಆ ಮನೆಯ ರೇಷನ್ ನೋಡಿಕೊಳ್ಳುವುದು ಸಭೆಯ ಕರ್ತವ್ಯವೆಂದು ಹಿರಿಯರಿಗೆ ನನ್ನ ಹೆಸರಿನಲ್ಲೇ ಹೇಳಿ.

ಪ್ರಶ್ನೆ: ನನ್ನ ಯಜಮಾನರು ಸಂಬಳ ಬಂದ ದಿನವೇ ಸಭೆಗೆ ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಕೊಡುತ್ತಾರೆ. ಈಗ ಕಟ್ಟಡ ನಿಧಿಗೂ ದೊಡ್ಡ ಮೊತ್ತವನ್ನು ಹರಕೆ ಹೊತ್ತಿದ್ದಾರೆ. ಅತ್ತ ಊರಲ್ಲಿರುವ ಅತ್ತೆಯವರ ಮಾತ್ರೆಗೆ ಹಣ ಹೋಗಿಲ್ಲ, ಇತ್ತ ಕಿರಾಣಿ ಅಂಗಡಿಯವರ ಪುಸ್ತಕದಲ್ಲಿ ನಮ್ಮ ಬಾಕಿ ಬೆಳೆಯುತ್ತಿದೆ. ಕೇಳಿದರೆ ಬೈಬಲಿನ ಮಲಾಕಿಯನ ಪುಸ್ತಕ ತೋರಿಸಿ, ದೇವರ ಪಾಲು ಮೊದಲು ಎನ್ನುತ್ತಾರೆ. ನಾನು ಹೇಳುವುದು ಅವಿಶ್ವಾಸವೇ?
— ಒಬ್ಬ ಸಹೋದರಿ, ಕಾಂದಿವಲಿ, ಮುಂಬಯಿ

ಉತ್ತರ: ಅವಿಶ್ವಾಸವಲ್ಲ, ಸಹೋದರಿ. ಯಜಮಾನರ ಕೊಡುವ ಮನಸ್ಸು ದೊಡ್ಡದು, ಅದನ್ನು ಮೊದಲು ಮೆಚ್ಚಿ ಮಾತನಾಡಿ. ಆಮೇಲೆ ಅವರು ತೋರಿಸುವ ಅಧ್ಯಾಯವನ್ನೇ ಇಬ್ಬರೂ ಕೂತು ಮೇಲಿನಿಂದ ಓದಿ. ದಶಮಾಂಶದ ಮಾತು ಮೂರನೆಯ ಅಧ್ಯಾಯದ ಹತ್ತನೆಯ ವಚನದಲ್ಲಿದೆ. ಅದಕ್ಕೆ ಮುಂಚೆ, ಐದನೆಯ ವಚನದಲ್ಲಿ, ಕೂಲಿಯವನ ಕೂಲಿಯಲ್ಲಿ ಮೋಸಮಾಡುವವರಿಗೂ ವಿಧವೆಯರನ್ನು, ತಬ್ಬಲಿಗಳನ್ನು ಬಾಧಿಸುವವರಿಗೂ ವಿರುದ್ಧವಾಗಿ ತಾನೇ ಸಾಕ್ಷಿಯಾಗಿ ನಿಲ್ಲುತ್ತೇನೆಂದು ದೇವರು ಹೇಳುತ್ತಾನೆ. ಹತ್ತನೆಯ ವಚನ ಕೇಳಿಬರುವ ಪ್ರಸಂಗಗಳಲ್ಲಿ ಐದನೆಯದು ಅಷ್ಟಾಗಿ ಕೇಳಿಬರುವುದಿಲ್ಲ.

ಅತ್ತೆಯವರ ಮಾತ್ರೆಯ ವಿಷಯದಲ್ಲಿ ಯೇಸು ಸ್ವಾಮಿಯ ಮಾತು ಇನ್ನೂ ಖಂಡಿತವಾಗಿದೆ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ಕೊರ್ಬಾನ್, ಅಂದರೆ ದೇವರಿಗೆ ಮೀಸಲಾದ ಕಾಣಿಕೆ ಎಂದು ಹೇಳಿ ಅವರಿಗೆ ತಪ್ಪಿಸುವ ಪದ್ಧತಿಯನ್ನು ಆತನು ಮಾರ್ಕನ ಏಳನೆಯ ಅಧ್ಯಾಯದಲ್ಲಿ ಫರಿಸಾಯರ ಎದುರಿನಲ್ಲೇ ಖಂಡಿಸಿದನು. ಅದರಿಂದ ದೇವರ ವಾಕ್ಯವೇ ನಿರರ್ಥಕವಾಗುತ್ತದೆ ಎಂದನು. ಸ್ವಂತ ಮನೆಯವರನ್ನು ನೋಡಿಕೊಳ್ಳದವನು ನಂಬದವನಿಗಿಂತ ಕಡೆ ಎಂದು ಪೌಲನು ತಿಮೊಥೆಯನಿಗೆ ಬರೆದಿದ್ದಾನೆ. ಕಿರಾಣಿಯವರ ಬಾಕಿಯೂ ಹಾಗೆಯೇ. ಅವರು ನಿಮಗೆ ಅಕ್ಕಿ, ಬೇಳೆ, ಎಣ್ಣೆ ಕೊಟ್ಟಾಗಿದೆ. ಆ ಹಣ ಈಗ ನಿಮ್ಮ ಮನೆಯಲ್ಲಿದ್ದರೂ ಅವರದೇ. ಅವರ ಹಣವನ್ನು ಎತ್ತಿ ಕಾಣಿಕೆ ಚೀಲಕ್ಕೆ ಹಾಕಿದರೆ ಕೊಟ್ಟವರು ಅಂಗಡಿಯವರಾಗುತ್ತಾರೆ, ಅದೂ ಅವರಿಗೆ ಗೊತ್ತಿಲ್ಲದೆ. ಸುಂಕದವನಾದ ಜಕ್ಕಾಯನನ್ನು ನೆನೆಯಿರಿ. ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುತ್ತೇನೆಂದು ಅಲ್ಲಿಗೇ ನಿಲ್ಲಿಸಲಿಲ್ಲ, ಯಾರಿಂದ ಅನ್ಯಾಯವಾಗಿ ಕಿತ್ತುಕೊಂಡಿದ್ದನೋ ಅವರಿಗೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದೂ ಹೇಳಿದನು.

ಹಾಗಾಗಿ ಸಂಬಳದ ದಿನ ಮೊದಲು ಮಾತ್ರೆ, ಬಾಡಿಗೆ, ಬಾಕಿ ತೆಗೆದಿಡಿ. ಕಾಣಿಕೆಯನ್ನೂ ನಿಲ್ಲಿಸಬೇಡಿ, ಬಾಕಿ ತೀರುವವರೆಗೆ ಸಂತೋಷದಿಂದ ಕೊಡಬಲ್ಲಷ್ಟು ಕೊಡಿ. ಒಬ್ಬನ ಬಳಿ ಇಲ್ಲದ್ದನ್ನಲ್ಲ, ಇರುವುದನ್ನು ನೋಡಿ ದೇವರು ಕಾಣಿಕೆಯನ್ನು ಮೆಚ್ಚುತ್ತಾನೆಂದು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿದೆ. ಹರಕೆಯ ಮೊತ್ತದ ಬಗ್ಗೆ ಸಭಾಪಾಲಕರೊಡನೆ ಯಜಮಾನರೇ ಮಾತಾಡಲಿ. ಹೆಚ್ಚು ಕಾಲ ಕೇಳಿಕೊಳ್ಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಕಟ್ಟಡ ನಿಧಿಯ ಲೆಕ್ಕ ಕೇಳುವುದಕ್ಕೂ ಅಂಜಬೇಕಾಗಿಲ್ಲ. ಮಹಾರಾಷ್ಟ್ರದಲ್ಲಿ ನೋಂದಣಿಯಾದ ಧಾರ್ಮಿಕ ಟ್ರಸ್ಟುಗಳು 1950ರ ಸಾರ್ವಜನಿಕ ಟ್ರಸ್ಟ್ ಕಾಯಿದೆಯಂತೆ ಲೆಕ್ಕ ಇಡಲೇಬೇಕು. ಅದಕ್ಕೂ ಬಹಳ ಹಿಂದೆ, ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಪೌಲನು ತಾನೊಬ್ಬನೇ ಹೊತ್ತೊಯ್ಯದೆ, ಯಾರೂ ತಪ್ಪು ಹೊರಿಸದಂತೆ ಸಭೆಗಳು ಮೆಚ್ಚಿದವರನ್ನು ಜೊತೆಗೆ ಕರೆದುಕೊಂಡಿದ್ದನು.

ಪ್ರಶ್ನೆ: ಸಭೆಯ ಗೆಳೆಯನೊಬ್ಬ ಸೊಸೈಟಿಯ ಸಾಲಕ್ಕೆ ಜಾಮೀನು ಹಾಕು ಎಂದು ಕೇಳುತ್ತಿದ್ದಾನೆ. ವಿಶ್ವಾಸಿಯಾಗಿ ಇಲ್ಲವೆನ್ನುವುದು ಹೇಗೆ?
— ವಾಸ್ಕೊ, ಗೋವಾ

ಉತ್ತರ: ಜಾಮೀನೆಂದರೆ ಬರೀ ಶಿಫಾರಸು ಎಂಬ ಭ್ರಮೆ ನಮ್ಮಲ್ಲಿ ಬಹಳವಿದೆ. 1872ರ ಕರಾರು ಕಾಯಿದೆಯ 128ನೇ ಕಲಮಿನಂತೆ, ಒಪ್ಪಂದದಲ್ಲಿ ಬೇರೆ ರೀತಿ ಬರೆಯದ ಹೊರತು, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಸೊಸೈಟಿ ನೇರವಾಗಿ ನಿಮ್ಮ ಬಾಗಿಲಿಗೇ ಬರಬಹುದು. ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನೀನು ಮಲಗಿರುವ ಹಾಸಿಗೆಯನ್ನೇ ಎಳೆದುಕೊಂಡು ಹೋಗಲು ಏಕೆ ಆಸ್ಪದ ಕೊಡುತ್ತೀ ಎಂದು ಜ್ಞಾನೋಕ್ತಿಗಳು ಕೇಳುತ್ತವೆ. ಪೂರ್ತಿ ಸಾಲವನ್ನು ನೀವೇ ತೀರಿಸಬಲ್ಲಿರಾದರೆ, ತೀರಿಸಿದ ಮೇಲೂ ಗೆಳೆತನ ಉಳಿಯುವುದಾದರೆ ಮಾತ್ರ ಸಹಿ ಹಾಕಿ. ಇಲ್ಲವಾದರೆ ಕೈಲಾದಷ್ಟು ಹಣವನ್ನು ಮರಳಿ ಕೇಳದಂತೆ ಕೊಟ್ಟುಬಿಡಿ.

ಪ್ರಶ್ನೆ: ಹಿಂಜವಡಿಯ ಐ.ಟಿ. ಕಂಪನಿಯಲ್ಲಿ ಎಂಟು ಜನರ ತಂಡಕ್ಕೆ ನಾನು ಲೀಡ್. ಒಬ್ಬ ಹುಡುಗ ಕೆಲಸ ಮುಗಿಸುವುದೇ ಇಲ್ಲ. ರಾತ್ರಿ ಕೂತು ನಾನೇ ಮುಗಿಸಿ, ಮೌಲ್ಯಮಾಪನದಲ್ಲಿ ಅವನಿಗೂ ಒಳ್ಳೆಯ ಅಂಕ ಕೊಡುತ್ತಿದ್ದೇನೆ. ಸೇವಕಳಂತೆ ಇರಬೇಕೆಂದು ವಾಕ್ಯ ಹೇಳುತ್ತದಲ್ಲವೇ?
— ಪುಣೆ

ಉತ್ತರ: ಹೇಳುತ್ತದೆ. ದೊಡ್ಡವನಾಗಬೇಕೆನ್ನುವವನು ನಿಮ್ಮ ಸೇವಕನಾಗಿರಲಿ ಎಂದ ಸ್ವಾಮಿಯೇ ಪೇತ್ರನನ್ನು ಎಲ್ಲರೆದುರು ಗದರಿಸಿದ್ದೂ ಉಂಟು. ನೀವು ಅವನ ಕೆಲಸ ಮಾಡಿಕೊಡುತ್ತಿದ್ದೀರಿ, ಅವನನ್ನು ಬೆಳೆಸುತ್ತಿಲ್ಲ. ಸಂಬಳ ಏರಿಕೆಗೆಂದು ತಂಡಕ್ಕೆ ಸಿಗುವ ಹಣ ಸಾಮಾನ್ಯವಾಗಿ ಇಂತಿಷ್ಟೆಂದು ಇರುತ್ತದೆ. ಅಲ್ಲಿ ಅವನಿಗೆ ಕೊಟ್ಟ ಸುಳ್ಳು ಅಂಕ ಉಳಿದ ಏಳು ಜನರ ಪಾಲಿನಿಂದ ಹೋಗುತ್ತದೆ. ಈ ಸಂಚಿಕೆಯ ಮೊದಲನೆಯ ಪತ್ರದ ಮಸ್ಟರ್‌ಗೂ ಇದಕ್ಕೂ ಅಂತರ ಕಡಿಮೆ.

ನಿಮ್ಮ ಊರಿನ ಹತ್ತಿರವೇ, ಪುಣೆ–ದೌಂಡ ರೈಲು ದಾರಿಯ ಕೇಡಗಾಂವ್‌ನಲ್ಲಿ, ಪಂಡಿತಾ ರಮಾಬಾಯಿ ಕಟ್ಟಿದ ಮುಕ್ತಿ ಮಿಷನ್ ಇದೆ. ನಮ್ಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಆ ತಾಯಿ, 1896ರ ಬರಗಾಲದಿಂದ ಪಾರಾದ ನೂರಾರು ಹೆಣ್ಣುಮಕ್ಕಳಿಗೆ ಅನ್ನ ಹಾಕಿದ್ದಲ್ಲದೆ ಓದು, ನೇಯ್ಗೆ, ಅಚ್ಚಿನ ಕೆಲಸ ಕಲಿಸಿದರು. ಅವರು ಮರಾಠಿಗೆ ಅನುವಾದಿಸಿದ ಬೈಬಲಿನ ಅಚ್ಚುಮೊಳೆ ಜೋಡಿಸಿದವರು ಅಲ್ಲಿನ ಹೆಂಗಸರೇ.

ನೀವೂ ಹಾಗೆ ಕಲಿಸಿ ಬೆಳೆಸಿ. ಆ ಹುಡುಗನನ್ನು ಒಬ್ಬನನ್ನೇ ಕರೆದು, ಯಾವ ವಾರ ಯಾವ ಕೆಲಸ ಉಳಿಯಿತೆಂದು ಹೆಸರಿಟ್ಟು ಹೇಳಿ, ಏನು ಅಡ್ಡಿಯಾಗುತ್ತಿದೆಯೆಂದು ಪೂರ್ತಿ ಕೇಳಿಸಿಕೊಳ್ಳಿ. ಮನೆಯಲ್ಲಿ ಕಾಯಿಲೆಯಿರಬಹುದು, ಕೆಲಸವೇ ತಿಳಿಯದಿರಬಹುದು. ಎರಡು ತಿಂಗಳ ಗಡುವು ಕೊಟ್ಟು, ಪ್ರತಿ ವಾರ ಅರ್ಧ ತಾಸು ಪಕ್ಕದಲ್ಲಿ ಕೂತು ಕಲಿಸಿ. ರಾತ್ರಿ ಅವನ ಕೆಲಸ ಮುಗಿಸುವುದನ್ನು ಇಂದೇ ನಿಲ್ಲಿಸಿ. ಗಡುವು ಮುಗಿದಾಗ ಅವನು ಗಳಿಸಿದ ಅಂಕವನ್ನೇ ಬರೆಯಿರಿ, ಮತ್ತು ಮೇಲಕ್ಕೆ ಕಳುಹಿಸುವ ಮೊದಲು ಅದನ್ನು ನಿಮ್ಮ ಬಾಯಿಂದಲೇ ಅವನಿಗೆ ತಿಳಿಸಿ.