ನಿಮ್ಮ ನಾಯಕಿಗೆ ಟೀಚರ್ ಕೆಲಸ ಕೊಡಿ

1864ರಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯ ಸಿಯಾಟಲ್‌ನಲ್ಲಿ ನಡೆಯುವ ಪ್ರೇಮಕಥೆ ಬರೆಯುತ್ತಿದ್ದೀರಿ, ದೂರದಿಂದ ವಧುಗಳನ್ನು ಕರೆಸಿಕೊಳ್ಳುವುದು ನಿಜವಾಗಲೂ ಇತ್ತಾ ಅಂತ ಕೇಳಿದ್ದೀರಿ. ಇತ್ತು. ಆದರೆ ನೀವು ಅಂದುಕೊಂಡ ಹಾಗಲ್ಲ.

ಆಗ ಅಲ್ಲಿ ಮರ ಕಡಿಯುವ ಗಂಡಸರೇ ಜಾಸ್ತಿ. ಅಲ್ಲಿನ ಹೊಸ ವಿಶ್ವವಿದ್ಯಾಲಯ ನೋಡಿಕೊಳ್ಳುತ್ತಿದ್ದ ಏಸಾ ಮರ್ಸರ್ ದೇಶದ ಪೂರ್ವ ಭಾಗದ ಮ್ಯಾಸಚೂಸೆಟ್ಸ್‌ನ ಲೋವೆಲ್‌ಗೆ ಹೋದ. ಅಂತರ್ಯುದ್ಧದಿಂದ ದಕ್ಷಿಣದ ಹತ್ತಿ ನಿಂತುಹೋಗಿ ಅಲ್ಲಿನ ಗಿರಣಿಗಳು ಸೊರಗಿದ್ದವು. ಲೋವೆಲ್ ಮತ್ತು ಸುತ್ತಮುತ್ತಲಿಂದ ಹೊರಟ 11 ಹೆಂಗಸರು ಹಡಗಿನಲ್ಲಿ ಪನಾಮಕ್ಕೆ ಬಂದು, ಅಲ್ಲಿನ ಕಿರಿದಾದ ನೆಲ (ಭೂಸಂಧಿ) ದಾಟಿ, ಮತ್ತೆ ಹಡಗು ಹತ್ತಿ ಮೇ ತಿಂಗಳಲ್ಲಿ ಸಿಯಾಟಲ್ ತಲುಪಿದರು. ಅವರನ್ನು ಕರೆದದ್ದು ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ. ಮದುವೆಯ ಆಸೆ ಊರಿನವರಿಗಂತೂ ಇದ್ದೇ ಇತ್ತು ಬಿಡಿ!

ಹಾಗಾಗಿ ಹಡಗಿಳಿದ ತಕ್ಷಣ ಕೈಹಿಡಿಯಲು ವರ ಕಾಯುತ್ತಿರುವ ದೃಶ್ಯ ಬೇಡ. ಆಕೆಗೆ ಒಂದು ಶಾಲೆ ಕೊಡಿ, ಆಮೇಲೆ ಅವನು ಸುಮ್ನೆ ಏನೋ ನೆಪ ಮಾಡಿಕೊಂಡು ಅಲ್ಲಿಗೆ ಬರಲಿ. ಬೇಡ ಅನ್ನುವ ಸ್ವಾತಂತ್ರ್ಯ ಅವಳಿಗಿದ್ದರೇ ತಾನೇ ಪ್ರೇಮಕ್ಕೆ ಬೆಲೆ, ಅಲ್ವಾ? ಆ 11 ಜನರಲ್ಲಿ ಲಿಜ್ಜಿ ಆರ್ಡ್‌ವೇ ಮದುವೆಯೇ ಆಗಲಿಲ್ಲ. 1870ರಲ್ಲಿ ಸಿಯಾಟಲ್‌ನ ಮೊದಲ ಸರ್ಕಾರಿ ಶಾಲೆಯ ಟೀಚರ್ ಆದರು, ಮುಂದೆ ಹತ್ತಿರದ ಕಿಟ್ಸ್ಯಾಪ್ ಕೌಂಟಿಯ (ಜಿಲ್ಲೆಯ) ಶಾಲೆಗಳ ಮುಖ್ಯಸ್ಥೆಯೂ ಆದರು. ನಾಯಕಿಯ ಗೆಳತಿಯಾಗಿ ಇಂಥ ಒಬ್ಬರು ಇರಲಿ.

ಮರ್ಸರ್ 1866ರಲ್ಲಿ ಇನ್ನೊಂದು ದೊಡ್ಡ ಗುಂಪು ತಂದ. ಅದರಲ್ಲಿದ್ದ ಆನಿ ಸ್ಟೀಫನ್ಸ್ ಅವರನ್ನು ತಾನೇ ಮದುವೆಯಾದ.

ಇನ್ನೊಂದು ವಿಷಯ. ಪೂರ್ವದಿಂದ ಕ್ಯಾಲಿಫೋರ್ನಿಯಾವರೆಗಿನ ರೈಲು ಮಾರ್ಗ ಪೂರ್ತಿಯಾದದ್ದು 1869ರಲ್ಲಿ. 1864ರ ನಾಯಕಿಯನ್ನು ರೈಲಿನಿಂದ ಇಳಿಸಬೇಡಿ.